ನಿಲ್ಲಿಸು ಅಂದರೆ ನಿಲ್ಲಿಸಬಾರದು

ವೆಂಡೆಲ್ ಹೋಸ್ಟೆಟ್ಲರ್ ಮೂವತ್ತು ವರ್ಷ ಶಾಲಾ ಬಸ್ಸು ರಿಪೇರಿ ಮಾಡಿದವನು. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ನಿವೃತ್ತನಾದ ಮೇಲೆ ಓಹಾಯೋದ ನಮ್ಮ ಬಂದೂಕು ಕ್ಲಬ್ಬಿನಲ್ಲಿ ಪ್ರತಿ ಶನಿವಾರ ಪಾಠ ಹೇಳತೊಡಗಿದ. ಆತ್ಮರಕ್ಷಣೆಗೆಂದು ಅಂಗಿಯೊಳಗೆ ಪಿಸ್ತೂಲು ಬಚ್ಚಿಟ್ಟುಕೊಂಡು ಓಡಾಡುವವರಿಗೆ, ಅದು ಕೈಕೊಟ್ಟರೆ ಏನು ಮಾಡಬೇಕೆಂಬ ಪಾಠ. ಗೇಟಿನ ಬೀಗ, ಕಾಫಿ ಪಾತ್ರೆ ಎರಡೂ ನನ್ನ ವಶದಲ್ಲಿದ್ದವು, ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ.

ಪಾಠ ಚಿಕ್ಕದು. ಟ್ರಿಗರ್ ಒತ್ತಿದರೂ ಗುಂಡು ಹಾರಲಿಲ್ಲವೇ? ಹಿಡಿಯ ಬುಡಕ್ಕೆ ಅಂಗೈಯಿಂದ ತಟ್ಟು, ಮೇಲೆ ಹಿಂದೆಮುಂದೆ ಜಾರುವ ಸ್ಲೈಡ್ ಹಿಂದಕ್ಕೆಳೆದು ಬಿಡು, ಮತ್ತೆ ಹೊಡೆ. ಇದರ ಜೊತೆಗೆ ವೆಂಡೆಲನದೇ ಒಂದು ಅಧಿಕಪ್ರಸಂಗ. ಕಲಿಯುವವರ ಬೆನ್ನ ಹಿಂದೆ ನಿಂತು "ನಿಲ್ಸು! ನಿಲ್ಸು!" ಎಂದು ಅರಚುತ್ತಿದ್ದ. ನಿಲ್ಲಿಸಿದವರಿಗೆ ಮಂಗಳಾರತಿ.

"ಕಳ್ಳ ನಿಲ್ಸು ಅಂದ್ರೆ ನಿಲ್ಸ್ತೀಯಾ? ಯಾರು ಏನೇ ಕೂಗ್ಲಿ, ಕೈ ನಿಲ್ಬಾರ್ದು!"

"ನಾಳೆ ನಿಜವಾಗ್ಲೂ ನಿಲ್ಸ್ಬೇಕಾದ್ರೆ ಏನಂತ ಕೂಗ್ತೀಯೋ?" ಎಂದು ನಾನೊಮ್ಮೆ ಕೇಳಿದೆ.

"ನೀನು ಕಾಫಿ ನೋಡ್ಕೊ, ಮುದುಕಿ."

ನೋಡಿಕೊಂಡೆ. ಅದು ನನ್ನ ತಪ್ಪು.

ಆ ಬೇಸಿಗೆಯಲ್ಲಿ ಟ್ರೂಡಿ ಬಂದಳು. ಊರಿನ ಹೆಂಗಸರಿಗೆಲ್ಲ ಕೂದಲು ಕತ್ತರಿಸುವವಳು, ನನಗೂ. ಅವಳು ಬಿಟ್ಟ ಗಂಡ ಕ್ಲಿಂಟ್ ಎರಡು ಸಲ ಅವಳ ಮನೆ ಬಾಗಿಲು ಒಡೆದು ನುಗ್ಗಿ ಜೈಲಿಗೆ ಹೋಗಿದ್ದ. ಅಕ್ಟೋಬರಿನಲ್ಲಿ ಬಿಡುಗಡೆ. ಅಷ್ಟರಲ್ಲಿ ಕಲಿಯಬೇಕಿತ್ತು. ಆದರೆ ವೆಂಡೆಲ್ ಬೇಕೆಂದೇ ಸೇರಿಸಿದ ಹುಸಿ ಗುಂಡು ಬಂದು ಪಿಸ್ತೂಲು ಕೈಕೊಟ್ಟಾಗಲೆಲ್ಲ ಅವಳು ಬಗ್ಗಿ ಏನಾಗಿದೆ ಎಂದು ನೋಡುತ್ತಿದ್ದಳು.

"ನೋಡ್ತಾ ಕೂತ್ರೆ ಹೆಣ ಆಗ್ತೀಯ! ಯೋಚ್ನೆ ಬಿಡು!" ಎಂದು ವೆಂಡೆಲ್ ಆರು ಶನಿವಾರ ಬೈದ. ಏಳನೆಯ ಶನಿವಾರ ಅವಳ ಕೈ ಪಳಗಿತ್ತು. ವೆಂಡೆಲ್ ಹಿಗ್ಗಿ ಹೀರೇಕಾಯಿಯಾದ.

ಎಂಟನೆಯ ಶನಿವಾರ ಅವಳ ಪಿಸ್ತೂಲು ಢಂ ಎನ್ನುವ ಬದಲು ಪುಸ್ ಎಂದಿತು. ವೆಂಡೆಲನ ಕಿವಿಗೆ ತಕ್ಷಣ ತಿಳಿಯಿತು. ಮದ್ದು ಸಾಲದ ಗುಂಡು, ನಳಿಗೆಯ ನಡುವೆಯೇ ಸಿಕ್ಕಿಬಿದ್ದಿದೆ. ಅದರ ಹಿಂದೆ ಇನ್ನೊಂದು ಹಾರಿಸಿದರೆ ಪಿಸ್ತೂಲೇ ಸಿಡಿಯುತ್ತದೆ.

"ನಿಲ್ಸು ಟ್ರೂಡಿ! ನಿಲ್ಸು!"

ಅವಳು ತಟ್ಟಿದಳು, ಎಳೆದಳು, ಹೊಡೆದಳು. ಒಂದು ತಪ್ಪೂ ಇರಲಿಲ್ಲ.

ಬಲಗೈ ಹೆಬ್ಬೆರಳು ಅರ್ಧ ಹೋಯಿತು. ತೋರುಬೆರಳು ಮತ್ತೆ ಮಡಚಲಿಲ್ಲ. ಆಸ್ಪತ್ರೆಯಲ್ಲಿ ವೆಂಡೆಲ್ ಟೋಪಿ ಹಿಸುಕುತ್ತಾ ನಿಂತಿದ್ದಾಗ ಅವಳೇ ಮಾತಾಡಿದಳು.

"ನೀವು ಕೂಗಿದ್ದು ಕೇಳಿಸ್ತು ವೆಂಡೆಲ್. ಪಾಠ ಅಂದ್ಕೊಂಡೆ."

ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಕೋಣೆಯ ಹೊರಗೆ ಕಾರಿಡಾರಿನಲ್ಲಿ ಗೋಡೆಗೆ ಹಣೆ ಒತ್ತಿ ಅತ್ತ. ನನಗೆ ಅಯ್ಯೋ ಅನ್ನಿಸಲಿಲ್ಲ, ಸಿಟ್ಟು ಬಂತು. ಅವನ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಮಾರನೆಯ ದಿನ ಅವನು ತನ್ನ ಬಳಿಯಿದ್ದ ಕ್ಲಬ್ಬಿನ ಕೀಲಿಕೈ ತಂದು ನನ್ನ ಕೈಗಿಟ್ಟು ಹೋದ. ಆಮೇಲೆ ಇತ್ತ ತಲೆ ಹಾಕಲಿಲ್ಲ.

ಸೆಪ್ಟೆಂಬರ್ ಕೊನೆಗೆ ಟ್ರೂಡಿ ನನ್ನ ಜೊತೆ ನನ್ನ ಕಾರಿನಲ್ಲಿ ಅವನ ಮನೆಗೆ ಹೋದಳು. ಕೈಗೆ ಇನ್ನೂ ಬ್ಯಾಂಡೇಜ್ ಇತ್ತು.

"ಎಡಗೈಲಿ ಕಲ್ಸಿಕೊಡಿ," ಎಂದಳು.

"ಬೇರೆ ಯಾರ ಹತ್ರಾದ್ರೂ ಹೋಗಮ್ಮಾ. ನಿನ್ನ ಕಾಲಿಗೆ ಬೀಳ್ತೀನಿ."

"ಬೇರೆಯವ್ರು ಎರಡು ಕೈ ಇರೋರಿಗೆ ಕಲಿಸ್ತಾರೆ."

ಗ್ಯಾರೇಜಿನಲ್ಲಿ ಅವನು ತನ್ನ ಪಿಸ್ತೂಲು ಬರಿದುಮಾಡಿ, ಮೂರು ಸಲ ಒಳಗೆ ಬೆರಳಾಡಿಸಿ ನೋಡಿ, ಅವಳ ಎಡಗೈಗೆ ಕೊಟ್ಟ. ಒಂದೇ ಕೈಯಾದರೆ ಸ್ಲೈಡನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿ ಒತ್ತಿ ಎಳೆಯಬೇಕು. ಅವಳು ಒತ್ತಿದಳು, ಜಾರಿತು. ಮತ್ತೆ ಒತ್ತಿದಳು, ಮತ್ತೆ ಜಾರಿತು. ಎಲ್ಲಿ ತಪ್ಪುತ್ತಿದೆಯೆಂದು ಅವನಿಗೆ ಗೊತ್ತಿತ್ತು, ಮುಖದಲ್ಲೇ ಕಾಣುತ್ತಿತ್ತು. ಎರಡು ಸಲ ಬಾಯಿ ತೆರೆದ. ದನಿ ಹೊರಡಲಿಲ್ಲ.

"ಏನಾದ್ರೂ ಹೇಳಿ ವೆಂಡೆಲ್," ಎಂದಳು ಟ್ರೂಡಿ. "ಕ್ಲಿಂಟ್ ಬರೋಕೆ ಇನ್ನು ಹನ್ನೆರಡೇ ದಿನ."