ಒಂದು ಚೀಲ ಕೊಳೆತ ಶುಂಠಿಯ ಬಾಕಿ

ಸೊರಬ ತಾಲ್ಲೂಕಿನ ಬಂಗಾರಮ್ಮ ತನ್ನ ಅಣ್ಣನ ಮಗಳು ವಾಣಿಶ್ರೀಗೆ ಒಂದು ಚೀಲ ಕೊಳೆತ ಶುಂಠಿ ಕೊಡುವುದು ಇನ್ನೂ ಬಾಕಿ ಇದೆ. ಏಳು ವರ್ಷದ ಬಾಕಿ.

ವಾಣಿಶ್ರೀ ಶಿಕಾರಿಪುರದ ಒಂದು ಖಾಸಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಎಲೆ ಹಾಕಿ ಬಡಿಸುತ್ತಾರೆ ಅಂದುಕೊಳ್ಳಬೇಡಿ. ಪ್ರತಿ ವರ್ಷ ಹೊರಗೆ ಹಾಕಿ ಮತ್ತೆ ಕರೆಯುತ್ತಾರೆ, ಅಷ್ಟೆ. ಓದಿದ್ದು ಆಣ್ವಿಕ ಜೀವವಿಜ್ಞಾನ. ಪಿಎಚ್‌ಡಿಗೆ ಹಿಡಿದದ್ದು ಶುಂಠಿಯ ಕೊಳೆರೋಗ.

ಏಳು ವರ್ಷದ ಹಿಂದೆ ಅತ್ತೆ ಬಂಗಾರಮ್ಮನ ಊರು ಗುಡವಿಯ ಸುತ್ತಮುತ್ತಲಿನ ಶುಂಠಿ ಹೊಲಗಳನ್ನು ಮೂಗು ಮುಚ್ಚಿಕೊಂಡೇ ದಾಟಬೇಕಿತ್ತು. ಅತ್ತೆಯ ಹೊಲವೂ ಹೋಗಿತ್ತು. ನಿನ್ನ ಹೊಲದ ಕೊಳೆತದ್ದೇ ಒಂದು ಚೀಲ ಕಳಿಸು ಎಂದು, ಆಗ ಶಿವಮೊಗ್ಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ವಾಣಿಶ್ರೀ ಫೋನ್ ಮಾಡಿದಳು. ಬಸ್ಸಿನಲ್ಲಿ ಚೀಲ ಬಂತು. ಗೆಡ್ಡೆಗಳು ಕಲ್ಲಿನಂತೆ ಗಟ್ಟಿ. ಪರೀಕ್ಷಿಸಿದರೆ ರೋಗಾಣುವಿನ ಡಿಎನ್‌ಎ ಸುಳಿವೇ ಇಲ್ಲ. ನಾರುವ ಹೊಲದಲ್ಲಿ ಕೊಳೆಯದ ಶುಂಠಿ! ರೋಗಕ್ಕೆ ಬಗ್ಗದ ತಳಿ ಸಿಕ್ಕಿತೆಂದು ಗೈಡ್ ಕುಣಿದಾಡಿದರು. ಪ್ರಬಂಧ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು.

ಆಮೇಲೆ ಶುರುವಾಯಿತು ಉಲ್ಲೇಖದ ಮಳೆ. ಯಾರ ಪ್ರಬಂಧವನ್ನು ಎಷ್ಟು ಜನ ತಮ್ಮ ಪ್ರಬಂಧದಲ್ಲಿ ಹೆಸರಿಸಿದರು ಎನ್ನುವುದೇ ಆ ಲೋಕದಲ್ಲಿ ತೂಕದ ಬಟ್ಟು. ವಾಣಿಶ್ರೀಯದು ಇನ್ನೂರು ದಾಟಿತು. ಅರ್ಧ ಜನ "ನಮಗೆ ಹೀಗೆ ಕಾಣಲಿಲ್ಲ" ಎಂದು ಬರೆದವರು, ಉಳಿದರ್ಧ ಓದದೆ ಬರೆದವರು. ಲೆಕ್ಕಕ್ಕೆ ಇಬ್ಬರೂ ಒಂದೇ. ಅಷ್ಟರಲ್ಲಿ ಅವಳು ಸೇರಿದ್ದ ಶಿಕಾರಿಪುರದ ಕಾಲೇಜಿನ ಗೇಟಿಗೆ ಅವಳ ಫೋಟೋದ ಫ್ಲೆಕ್ಸ್ ಏರಿತು.

ಕಾಲೇಜಿನಲ್ಲಿ ಒಂದು ಕಾಯಂ ಹುದ್ದೆ ಖಾಲಿಯಾಯಿತು. ಸಂದರ್ಶನಕ್ಕೆ ಮುಂಚೆ ಇನ್ನಷ್ಟು ಪ್ರಯೋಗ ಮಾಡೋಣವೆಂದು ಅವಳು ಅದೇ ತಳಿಯ ಬೀಜ ಕೇಳಲು ಅತ್ತೆಯ ಮನೆಗೆ ಹೋದಳು.

"ಎಂತಾ ಬೀಜನೇ? ಅದು ನಮ್ಮ ಹೊಲದ್ದಲ್ಲ ಮಾರಾಯ್ತಿ. ಸಂತೇಲಿ ತಗಂಡಿದ್ದು," ಅಂದಳು ಬಂಗಾರಮ್ಮ.

"ನಾನು ಹೊಲದ್ದು ಕೇಳಿದ್ನಲ್ಲತ್ತೆ?"

"ಕೇಳ್ದೆ ಹೌದು. ತವರಿನ ಹೆಣ್ಣುಮಗಳಿಗೆ ಕೊಳೆತಿದ್ದು ಕಟ್ಟಿ ಕಳ್ಸಕಾಗ್ತದಾ? ನಿನ್ನಪ್ಪ ಕಂಡಿದ್ರೆ ನನ್ನ ಮರ್ಯಾದೆ ಉಳೀತಿತ್ತಾ? ತೊಳ್ದು, ಒಣಗ್ಸಿ, ಚೊಲೋದೇ ಆರ್ಸಿ ಕಳ್ಸಿದ್ದೆ. ಯಾಕೆ, ಚಾಯಕ್ಕೆ ಹಾಕಿದ್ರೆ ಖಾರ ಇರ್ಲಿಲ್ಲವಾ?"

ಇನ್ನೂರು ವಿಜ್ಞಾನಿಗಳು ತಲೆ ಕೆಡಿಸಿಕೊಂಡದ್ದು ಚಹಾದ ಶುಂಠಿಯ ಮೇಲೆ.

ವಾಣಿಶ್ರೀ ಪ್ರಬಂಧ ವಾಪಸ್ ಪಡೆಯುತ್ತೇನೆಂದು ಕಾಲೇಜಿನ ಅಧ್ಯಕ್ಷ ಹುಚ್ಚರಾಯಪ್ಪನವರಿಗೆ ಹೇಳಿದಳು. ಅವರು ಮಂಡಿ ವ್ಯಾಪಾರದಲ್ಲಿ ಪಳಗಿದ ಮನುಷ್ಯ.

"ಏನ್ರೀ ಮೇಡಂ, ನಿಮಗೇನು ಹುಚ್ಚು ಹಿಡದೈತೇನ್ರಿ? ಬೈದೋರು ಸೈತ ನಿಮ್ಮ ಹೆಸರು ಹಾಕೇ ಬೈದಾರಲ್ರೀ. ವೋಟು ಪ್ರೀತಿಲೆ ಬಿತ್ತೋ ಸಿಟ್ಟಿಲೆ ಬಿತ್ತೋ ಅಂತ ಪೆಟ್ಟಿಗಿ ಕೇಳ್ತತೇನ್ರಿ? ಸಂದರ್ಶನ ಮುಗಿಯೋತನ ಬಾಯಿ ಮುಚ್ಗೊಂಡಿರ್ರಿ."

"ಸರ್, ಅದು ಸಂತೆ ಶುಂಠಿ."

"ಇರ್ಲಿ ಬಿಡ್ರೀ. ಸಂತೆ ಶುಂಠಿ ಶುಂಠಿ ಅಲ್ಲೇನ್ರಿ?"

ಅವಳು ಅಂದೇ ಪತ್ರಿಕೆಗೆ ಬರೆದು ಪ್ರಬಂಧ ವಾಪಸ್ ಪಡೆದಳು. ಫ್ಲೆಕ್ಸ್ ಇಳಿಯಿತು. ಹುದ್ದೆ ಹರ್ಷವರ್ಧನ ಎನ್ನುವವನಿಗೆ ಹೋಯಿತು. ಅವನೂ ಅವನ ನಾಲ್ವರು ಗೆಳೆಯರೂ ಮದುವೆ ಮನೆಯ ಮುಯ್ಯಿಯಂತೆ ಒಬ್ಬರನ್ನೊಬ್ಬರು ಹೆಸರಿಸಿಕೊಳ್ಳುತ್ತಾರೆ. ಮೇಲಾಗಿ ವಾಣಿಶ್ರೀಯ ರದ್ದಾದ ಪ್ರಬಂಧಕ್ಕೂ ಉಲ್ಲೇಖ ಏರುತ್ತಲೇ ಇದೆ. ಮೊನ್ನೆ ಹರ್ಷವರ್ಧನನೇ ಒಂದು ಸೇರಿಸಿದ.

ಅವಳು ಇನ್ನೂ ಅತಿಥಿಯೇ. ಪಾಠ ಮುಗಿದ ಮೇಲೆ ಕಾಲೇಜಿನ ಪ್ರಯೋಗಾಲಯದಲ್ಲಿ ಕೊಳೆರೋಗದ ಕೆಲಸವನ್ನು ಮೊದಲಿನಿಂದ ಹಿಡಿದಿದ್ದಾಳೆ. ಆದರೆ ಕೊಳೆತದ್ದು ಸಿಗಬೇಕಲ್ಲ! ಹೋದ ತಿಂಗಳು ಬಂಗಾರಮ್ಮ ಮತ್ತೆ ಚೀಲ ಕಳಿಸಿದಳು. ಈ ಸಲ ಹೊಲದ್ದೇ. ಕೊಳೆತ ಭಾಗವನ್ನೆಲ್ಲ ಕತ್ತರಿಸಿ ತೆಗೆದಿದ್ದಳು, ಪುಣ್ಯಾತ್ಗಿತ್ತಿ. ಅಕ್ಕಪಕ್ಕದವರೂ ಹಾಗೇ, ಮೇಡಂಗೆ ಹೊಲಸು ಕೊಡುವುದಾ ಎಂದು ನಾಚುತ್ತಾರೆ.

ಹಾಗಾಗಿ ನಿಮ್ಮನ್ನೇ ಕೇಳುತ್ತಿದ್ದೇನೆ. ಸೊರಬ, ಶಿಕಾರಿಪುರದ ಶುಂಠಿ ಬೆಳೆಗಾರರೇ, ಅವಳಿಗೆ ನಿಮ್ಮ ಶಾಲು, ಹಾರ ಬೇಡ. ಮರ್ಯಾದೆಯನ್ನು ಮನೆಯಲ್ಲಿ ಇಟ್ಟು ಬನ್ನಿ. ನಿಮ್ಮ ಹೊಲದಲ್ಲಿ ಅತ್ಯಂತ ಕೆಟ್ಟು ನಾರುವ ಗಿಡವನ್ನು ಬುಡ ಸಮೇತ ಕಿತ್ತು, ತೊಳೆಯದೆ, ಆರಿಸದೆ, ಮಣ್ಣಿನ ಜೊತೆಗೇ ಚೀಲಕ್ಕೆ ತುಂಬಿ. ಈ ವಾರವೇ ತಂದು ಅವಳ ಕೈಗೆ ಕೊಡಿ.