ಬೀಗ ಹಾಕಿದ ಬಾವುಟ

ಬಾವುಟದಕ್ಕನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಹಾಲನ್ನು ಕಾಯಿಸುವ ಮುಂಚೆ ಮೂಸುತ್ತಾಳೆ, ಕಾಯಿಸಿದ ಮೇಲೂ ಮೂಸುತ್ತಾಳೆ. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವಳು ವಾಪಸು ಬಂದು ಜಗ್ಗಿ ನೋಡುತ್ತಾಳೆ. ಗಂಡ ತಡವಾಗಿ ಬಂದರಂತೂ ಕೇಳುವುದೇ ಬೇಡ. ಆ ಪುಣ್ಯಾತ್ಮ ಸರಿಯಾಗಿ ಆರು ಗಂಟೆಗೇ ಬರುವುದನ್ನು ರೂಢಿ ಮಾಡಿಕೊಂಡಿದ್ದ. ದಿನಾ ಆರಕ್ಕೇ ಹೇಗೆ ಬರುತ್ತಾನೆ ಎಂಬುದೂ ಅವಳಿಗೆ ಅನುಮಾನವೇ.

ಇಂಥವಳಿಗೆ ಸಿಕ್ಕ ಕೆಲಸ ಮಾತ್ರ ಹೇಳಿ ಮಾಡಿಸಿದಂತಿತ್ತು. ಪುರಸಭೆಯವರು ಅವಳನ್ನು ಕಡಲದಂಡೆಯ ಕಾವಲಿಗೆ ಹಾಕಿದ್ದರು. ಬೆಳಿಗ್ಗೆ ಎಂಟಕ್ಕೆ ಶೆಡ್ಡಿನಿಂದ ಎರಡು ಹಳದಿ ಬಾವುಟ ಹೊತ್ತು ತಂದು, ಐವತ್ತು ಹೆಜ್ಜೆ ಅಂತರದಲ್ಲಿ ಮರಳಿಗೆ ಊರಬೇಕು. ಈಜುವವರು ಅವೆರಡರ ನಡುವೆಯೇ ಇರಬೇಕು. ಮಕ್ಕಳ ಜೊತೆ ದೊಡ್ಡವರಿಲ್ಲದೆ ನಡೆಯುವುದಿಲ್ಲ. ಕೆಂಪು ಬಾವುಟ ಏರಿದರೆ ಯಾರೂ ಪಾದ ಕೂಡ ನೆನೆಸುವಂತಿಲ್ಲ. ಕುಡಿದವರು ನೀರಿಗಿಳಿಯುವಂತಿಲ್ಲ, 'ಕುಡಿದಿಲ್ಲ' ಎಂದವನ ಬಾಯಿಯನ್ನು ಇವಳು ಮೂಸಿಯೇ ಬಿಡುವಳು. ಮೂರು ವರ್ಷದಲ್ಲಿ ಅವಳ ಬಾವುಟಗಳ ನಡುವೆ ಒಂದು ಜೀವವೂ ಹೋಗಿರಲಿಲ್ಲ. ಅದೇ ಅವಳ ಹೆಮ್ಮೆ, ಅದು ತಪ್ಪುವ ದಿನವೇ ಅವಳ ಭಯ.

ಮೊದಲು ಇದೇ ಕೆಲಸವನ್ನು ಅವಳ ಅಪ್ಪ ಮೂವತ್ತು ವರ್ಷ ಮಾಡಿ ನಿವೃತ್ತನಾಗಿದ್ದ. ಅವಳು ಸೇರಿದ ಮೊದಲ ವಾರ ಮುದುಕ ದಂಡೆಗೆ ಬಂದು, ಬಾವುಟವನ್ನು ಚೂರು ಆ ಕಡೆ ಹಾಕು ಎಂದಿದ್ದ. ನಾಲ್ಕು ಜನರೆದುರು ಹೇಳಿಸಿಕೊಂಡದ್ದು ಅವಳಿಗೆ ಸಹಿಸಲಾಗಲಿಲ್ಲ.

"ಅಪ್ಪಾ, ಈಗ ಡ್ಯೂಟಿ ನಂದು. ನೀನು ಮನೇಲಿರು" ಎಂದುಬಿಟ್ಟಳು. ಆಮೇಲೆ ಅವನು ಆ ವಿಷಯಕ್ಕೆ ತುಟಿ ಬಿಚ್ಚಲಿಲ್ಲ.

ಈ ಬೇಸಿಗೆಯಲ್ಲಿ ಪುರಸಭೆಯವರು ದಂಡೆಗುಂಟ ದೀಪದ ಕಂಬ ಹಾಕಿಸಿದರು. ಒಂದು ಗುರುತಿರಲೆಂದು ಅವಳು ಎಡಗಡೆಯ ಬಾವುಟವನ್ನು ಮೂರನೆಯ ಕಂಬದ ನೇರಕ್ಕೆ ಊರತೊಡಗಿದಳು. ಮಧ್ಯಾಹ್ನ ಅರ್ಧ ಗಂಟೆ ಊಟಕ್ಕೆಂದು ಶೆಡ್ಡಿಗೆ ಹೋದಾಗ, ಪಕ್ಕದ ದಂಡೆಯ ಕಾವಲುಗಾರ ದೂರದಿಂದಲೇ ಎರಡೂ ಕಡೆ ಕಣ್ಣಿಡುತ್ತಿದ್ದ. ಒಂದು ದಿನ ಉಂಡು ಬಂದು ನೋಡುತ್ತಾಳೆ, ಬಾವುಟ ನಾಲ್ಕನೆಯ ಕಂಬದ ಹತ್ತಿರವಿದೆ. ಎರಡು ದಿನ ಬಿಟ್ಟು ಮತ್ತೆ ಹಾಗೇ. ಗಾಳಿಗೆ ಕೋಲು ಬಿದ್ದೀತು. ಕಿತ್ತು ಒಯ್ದು ನೆಟ್ಟಗೆ ಊರಿ ಹೋಗುವ ಗಾಳಿ ಎಲ್ಲಿಯದು?

ಅನುಮಾನ ನೇರವಾಗಿ ಕೊಡೆಯವನ ಮೇಲೆ ಹೋಯಿತು. ದೊಡ್ಡ ಕೊಡೆ, ಕುರ್ಚಿ ಬಾಡಿಗೆಗೆ ಕೊಡುವವನು ಅವನು. ಬಾವುಟವಿದ್ದಲ್ಲಿ ಜನ, ಜನವಿದ್ದಲ್ಲಿ ಅವನ ವ್ಯಾಪಾರ. ಬಾವುಟಗಳು ಹೆಚ್ಚಾಗಿ ಅವನ ಕೊಡೆಗಳತ್ತಲೇ ಸರಿಯುತ್ತಿದ್ದವು. ಎರಡು ಸಲ ದೂರ ಸರಿದದ್ದೂ ಉಂಟು. ಅದು ತನ್ನ ಕಣ್ಣಿಗೆ ಮಣ್ಣೆರಚುವ ಉಪಾಯವೆಂದು ಅವಳು ತೀರ್ಮಾನಿಸಿದಳು. ಹೋಗಿ ಕೇಳಿದರೆ, ನಾನಲ್ಲ ಎಂದ. ಮತ್ಯಾರು ಎಂದರೆ ತಲೆ ಕೆರೆದುಕೊಂಡು ಸಮುದ್ರ ನೋಡಿದ. ಅವಳಿಗೆ ಅಷ್ಟು ಸಾಕಾಯಿತು.

ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದಳು. ಅವನು ತಟ್ಟೆಯಿಂದ ತಲೆಯೆತ್ತದೆ, ಯಾರಿಗೂ ಏನೂ ಆಗಿಲ್ಲವಲ್ಲ, ಬಿಟ್ಟುಬಿಡು ಎಂದ. ಅವನ ಪ್ಯಾಂಟಿನ ಮಡಿಕೆಯಿಂದ ಉದುರಿದ ಮರಳನ್ನು ಅವಳೇ ಗುಡಿಸಿ ಹೊರಗೆ ಹಾಕಿದಳು. ಊರನ್ನೆಲ್ಲ ಅನುಮಾನಿಸುವವಳಿಗೆ ಅಲ್ಲಿ ಮಾತ್ರ ಏನೂ ಹೊಳೆಯಲಿಲ್ಲ.

ಮರುದಿನವೇ ಎರಡು ಕಬ್ಬಿಣದ ಪೈಪು ತರಿಸಿ, ಸೊಂಟದಾಳಕ್ಕೆ ಹೂಳಿಸಿ, ಬಾವುಟದ ಕೋಲನ್ನು ಅದರೊಳಗಿಳಿಸಿ, ಸರಪಳಿ ಸುತ್ತಿ ಬೀಗ ಜಡಿದಳು. ಬೀಗದ ಕೈ ಸೊಂಟದಲ್ಲಿ. ಕೊಡೆಯವನು ನೋಡುತ್ತಲೇ ಇದ್ದ. ಅಕ್ಕಾ, ಇದು ಬೇಡ ಎಂದ. ಕಳ್ಳನಿಗೆ ಹೊಟ್ಟೆಯುರಿ ಎಂದುಕೊಂಡು ಅವಳು ಆ ದಿನ ನೆಮ್ಮದಿಯಾಗಿ ಉಂಡಳು.

ನಾಲ್ಕನೆಯ ದಿನ ಮಧ್ಯಾಹ್ನ, ಕೈ ತೊಳೆದು ಶೆಡ್ಡಿನಿಂದ ಹೊರಗೆ ಬಂದವಳು ನಿಂತಲ್ಲೇ ನಿಂತಳು. ಪ್ಯಾಂಟು ಮಡಚಿಕೊಂಡ ಅಪ್ಪ ಎರಡೂ ಕೈಯಲ್ಲಿ ಸರಪಳಿ ಹಿಡಿದು ಜಗ್ಗುತ್ತಿದ್ದ.

"ಅಪ್ಪಾ, ನೀನಾ?"

ಅವನು ತಿರುಗಲಿಲ್ಲ. "ನೀರು ನೋಡು" ಎಂದ.

ಆಚೀಚೆ ಅಲೆಗಳು ಬೆಳ್ಳಗೆ ಒಡೆಯುತ್ತಿದ್ದವು. ಬಾವುಟಗಳ ನಡುವೆ ಮಾತ್ರ ಅಲೆಯೇ ಇರಲಿಲ್ಲ. ನೀರು ಕದಡಿದ ಬಣ್ಣದಲ್ಲಿ, ಹಾಸಿದ ಬಟ್ಟೆಯಂತೆ ಸಪಾಟಾಗಿತ್ತು. ಕಡಲೊಳಕ್ಕೆ ಎಳೆದೊಯ್ಯುವ ಸೆಳೆತ ಇರುವುದೇ ಅಲ್ಲಿ. ತಳದ ಮರಳು ಸರಿದ ಹಾಗೆ ಅದು ಜಾಗ ಬದಲಿಸುತ್ತದೆ, ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ. ಇಬ್ಬರು ಹುಡುಗಿಯರು ಶಾಂತವಾಗಿದೆಯೆಂದು ಅಲ್ಲೇ ಇಳಿದಿದ್ದರು. ನೋಡುತ್ತಿದ್ದಂತೆಯೇ ಒಬ್ಬಳು ಸೊಂಟದ ನೀರಲ್ಲಿ ನಿಂತು ಕಿರುಚತೊಡಗಿದಳು. ಇನ್ನೊಬ್ಬಳ ತಲೆ ಮಾತ್ರ ದೂರದಲ್ಲಿ ಕಾಣುತ್ತಿತ್ತು.

ಬಾವುಟದಕ್ಕ ತೇಲುವ ಟ್ಯೂಬು ಎಳೆದುಕೊಂಡು ನೀರಿಗೆ ಹಾರಿದಳು. ಹುಡುಗಿಯನ್ನು ಹಿಡಿದ ಮೇಲೆ ಸೆಳೆತದೆದುರು ಗುದ್ದಾಡಲಿಲ್ಲ. ದಂಡೆಗೆ ಸಮನಾಗಿ ಅಡ್ಡಡ್ಡ ಈಜಿ, ಅಲೆ ಒಡೆಯುವಲ್ಲಿಗೆ ತಲುಪಿದಳು. ಅಲ್ಲಿ ಎದೆಮಟ್ಟದ ನೀರಲ್ಲಿ ಹಗ್ಗ ಹಿಡಿದು ನಿಂತಿದ್ದ ಕೊಡೆಯವನು ಅವಳನ್ನೂ ಹುಡುಗಿಯನ್ನೂ ದಂಡೆಗೆ ಎಳೆದು ಹಾಕಿದ. ಕಿರುಚುತ್ತಿದ್ದವಳನ್ನು ಅಪ್ಪ ಆಗಲೇ ಮೇಲೆ ಕರೆತಂದಿದ್ದ.

ಹುಡುಗಿ ನೀರು ಕಾರಿದಳು, ಕೆಮ್ಮಿದಳು, ಉಸಿರಾಡಿದಳು. ಆಮೇಲೆ ಬೈಗುಳಕ್ಕೆ ಹೆದರಿದವಳಂತೆ ಹೇಳಿದಳು: "ನಾವು ಬಾವುಟದ ನಡುವೇನೇ ಇದ್ವಿ ಅಕ್ಕಾ."

ಬಾವುಟದಕ್ಕ ಕೊಡೆಯವನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿಮ್ಮಪ್ಪ ಹೇಳ್ಬೇಡ ಅಂದಿದ್ರು. ನಿಮಗೆ ಬೇಜಾರಾಗುತ್ತೆ ಅಂತ."

"ಈ ಬೇಸಿಗೆಯಿಂದಾನಾ?"

ಅವನು ಒದ್ದೆ ಹಗ್ಗ ಸುತ್ತಿಕೊಳ್ಳುತ್ತ, "ನೀವು ಕೆಲಸಕ್ಕೆ ಸೇರಿದಾಗಿಂದ" ಎಂದ.

ಮೂರು ವರ್ಷ. ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಮುಖ ಹೇಗೂ ಒದ್ದೆಯಿತ್ತು. ದಂಡೆಗುಂಟ ನಡೆದು ಹೋಗಿ, ಮೊದಲು ಕೆಂಪು ಬಾವುಟ ಏರಿಸಿದಳು. ಆಮೇಲೆ ಬೀಗ ತೆಗೆಯಹೋದರೆ ಒದ್ದೆ ಕೈಯಿಂದ ಬೀಗದ ಕೈ ಮರಳಿಗೆ ಜಾರಿತು. ಅಪ್ಪ ಹೆಕ್ಕಿ ಕೊಟ್ಟ. ಅವನ ಅಂಗೈ ಸರಪಳಿ ತಾಗಿ ಸುಲಿದಿತ್ತು.

"ಎಲ್ಲಿ ಹಾಕ್ಲಿ ಅಪ್ಪಾ?"

"ನೀನೇ ಹೇಳು. ಎಲ್ಲರ ಮೇಲೂ ಅನುಮಾನ ಪಡ್ತೀಯ. ಸ್ವಲ್ಪ ಆ ನೀರಿನ ಮೇಲೂ ಪಡು."

ಅವಳು ಎರಡೂ ಬೀಗ ತೆಗೆದು, ಒಂದು ಬಾವುಟವನ್ನು ಹೆಗಲಿಗೇರಿಸಿಕೊಂಡು ಬಹಳ ಹೊತ್ತು ನೀರು ನೋಡಿದಳು. ಕೊನೆಗೆ ಐದನೆಯ ಕಂಬದತ್ತ ಕೈ ತೋರಿಸಿದಳು. ಅಪ್ಪ ಎರಡನೆಯ ಬಾವುಟ ಎತ್ತಿಕೊಂಡು ಅವಳ ಹಿಂದೆ ಹೊರಟ. ಅದನ್ನು ಕಂಡು ಕೊಡೆಯವನೂ ಬೈದುಕೊಳ್ಳುತ್ತ ತನ್ನ ಕೊಡೆಗಳನ್ನು ಮಡಚತೊಡಗಿದ.