ಸುಟ್ಟವರ ವಾರ್ಡಿನ ನಸೀಮಾ ಸಿಸ್ಟರ್

ನಸೀಮಾ ಸಿಸ್ಟರ್ ಯಾರಿಗೂ ‘ಆರಾಮ ಆಗ್ತದ’ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಸುಟ್ಟುಕೊಂಡು ಬಂದವರ ವಾರ್ಡಿಗೆ ಆಕೆ ದೊಡ್ಡ ಸಿಸ್ಟರ್. ಬಾಗಿಲಲ್ಲಿ ನಿಂತ ತಾಯಂದಿರು ಕಾಲು ಹಿಡಿಯಲು ಬಂದರೆ ಹಿಂದೆ ಸರಿದು, ‘ನಾಳಿದು ನಾಳಿ ನೋಡೂಣು. ಈಗ ಒಂದು ಕೊಡ ನೀರು ತರ್ರಿ’ ಎನ್ನುತ್ತಿದ್ದಳು. ಅಳುವವರ ಕೈಗೆ ಕೆಲಸ ಕೊಡುವುದು ಆಕೆಯ ರೀತಿ. ಆಕೆಯನ್ನು ಕಲ್ಲು ಎಂದು ಬೈದವರಿದ್ದಾರೆ. ನಾನು ಬೈಯಲಿಲ್ಲ. ಅದೇ ಬಾಗಿಲಲ್ಲಿ ನನಗೆ ಸಿಹಿ ಮಾತು ಹೇಳಿ ಹೋದವರು ಬಹಳ ಜನ. ಅವರಲ್ಲಿ ಒಬ್ಬರ ಮುಖವೂ ಈಗ ನೆನಪಿಲ್ಲ.

ನನ್ನ ಮಗಳು ಶಿವಲೀಲಾಳನ್ನು ಅಲ್ಲಿಗೆ ತಂದಾಗ ಅವಳ ಕೂಸು ಸುವರ್ಣಾ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಸ್ಟೋವ್ ಸಿಡಿಯಿತು ಎಂದು ಗಂಡನ ಮನೆಯವರು ಹೇಳಿದರು. ಶಿವಲೀಲಾ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಸಿಸ್ಟರ್ ನನ್ನನ್ನು ಕೇಳಿದ್ದು ಒಂದೇ ಮಾತು. ‘ಯಾವೂರವ್ವಾ?’

‘ಕಮಲಾಪುರ್ರಿ. ಬಾಳಿ ತೋಟಕ್ಕ ಕೂಲಿ ಹೋಗ್ತೀನಿ.’

‘ಛಲೋ ಆತು. ನಾಳಿ ಬರೂಮುಂದ ಎಲಿ ತಗೊಂಡು ಬಾ.’

ವಾರ್ಡಿನವರ ಊಟಕ್ಕಿರಬೇಕು ಎಂದುಕೊಂಡೆ. ಮದುವೆ ಪಂಕ್ತಿಗೆ ಕೊಯ್ಯುವ ಹಾಗೆ ಕುಡಿ ಎಲೆಗಳನ್ನೇ ಆರಿಸಿ, ಸಣ್ಣಗೆ ಕತ್ತರಿಸಿ, ಒರೆಸಿ, ಕಟ್ಟು ಕಟ್ಟಿ ಒಯ್ದೆ. ಆಕೆ ಬಿಚ್ಚಿ ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. ‘ಊಟಕ್ಕಲ್ಲವ್ವಾ, ಮಗಳನ್ನ ಮಲಗಿಸಾಕ. ಬಟ್ಟಿ ಮೈಗೆ ಹತ್ತಿಕೊಂತದ, ತೆಗ್ಯಾಕ ಹೋದ್ರ ಚರ್ಮನೂ ಕಿತ್ತಿ ಬರ್ತದ. ಎಲಿ ಹತ್ತಂಗಿಲ್ಲ. ಉದ್ದನ್ನವು ತಾ, ನಡುವಿನ ದಂಟು ತೆಗೆದು ತಾ.’

ಮರುದಿನ ತಂದೆ. ಆಕೆ ಅವನ್ನು ಸ್ವಚ್ಛ ಮಾಡಿಸಿ, ಬಿಸಿ ಹಬೆಯಲ್ಲಿಟ್ಟು, ಆರಿಸಿ ಹಾಸಿದಳು. ಶಿವಲೀಲಾಳ ಅತ್ತೆಗೆ ಅದು ಸರಿಬರಲಿಲ್ಲ. ‘ಸತ್ತವ್ರಿಗೆ ಎಲಿ ಮ್ಯಾಲೆ ಎಡಿ ಇಡ್ತಾರ. ಜೀವ ಇದ್ದಾಕಿನ್ನ ಎಲಿ ಮ್ಯಾಲೆ ಮಲಗಿಸ್ತಾರೇನ್ರಿ?’

ಸಿಸ್ಟರ್ ಆಕೆಯತ್ತ ತಿರುಗಲೇ ಇಲ್ಲ. ‘ಇಷ್ಟು ದಿನ ನಿಮ್ಮ ಮನಿ ಗಾದಿ ಮ್ಯಾಲೆ ಮಲಗಿದ್ಲಲ್ಲ, ಏನಾತು?’

ಶಿವಲೀಲಾ ಆ ವಾರ ದಾಟಲಿಲ್ಲ. ಕೂಸನ್ನು ಎತ್ತಿಕೊಂಡು ಊರಿಗೆ ಬಂದೆ. ಆಮೇಲೂ ಕಲಬುರಗಿಗೆ ಹೋದಾಗಲೆಲ್ಲ ಎಲೆ ಒಯ್ದು ಕೊಡುತ್ತಿದ್ದೆ. ಬಸ್ಸಿನಲ್ಲಿ ‘ಯಾರ ಲಗ್ನ ಅದ ಅವ್ವಾ?’ ಎಂದು ಕೇಳುತ್ತಿದ್ದರು. ‘ದವಾಖಾನಿಯವರದು’ ಎನ್ನುತ್ತಿದ್ದೆ. ಸಿಸ್ಟರಿಗೆ ಇದನ್ನು ಹೇಳಿದಾಗ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಕೆ ನಕ್ಕದ್ದನ್ನು ನಾನು ನೋಡಿದ್ದು ಅಪರೂಪ.

ಸುವರ್ಣಾ ಎಸ್ಸೆಸ್ಸೆಲ್ಸಿ ಪಾಸಾದಳು. ನನ್ನ ಮಗ, ಅವಳ ಸೋದರಮಾವ, ಎ.ಎನ್.ಎಂ. ನರ್ಸಿಂಗ್ ಕಲಿಯಲಿ ಎಂದ. ಬೇಗ ಮುಗಿಯುತ್ತದೆ, ಹಳ್ಳಿಯಲ್ಲಿ ನೌಕರಿ ಸಿಗುತ್ತದೆ, ಲಗ್ನಕ್ಕೂ ಅಡ್ಡಿಯಿಲ್ಲ ಎಂಬುದು ಅವನ ಲೆಕ್ಕ. ಹುಡುಗಿ ತಲೆ ಎತ್ತಿ, ‘ನಮ್ಮವ್ವ ಸತ್ತ ವಾರ್ಡಿನ್ಯಾಗೇ ನಾ ನರ್ಸ್ ಆಗಾಕಿ. ಅದಕ್ಕ ಏನು ಕಲೀಬೇಕೋ ಅದನ್ನ ಕಲೀತೀನಿ’ ಎಂದಳು. ಮನೆಯಲ್ಲಿ ಅನ್ನ ಬಿಡುವ ತನಕ ಜಗಳ ಹೋಯಿತು. ನನಗೆ ಇದರಲ್ಲಿ ಏನು ತಿಳಿಯುತ್ತದೆ? ಎಲೆಯ ಕಟ್ಟು ಹೊತ್ತು, ಹುಡುಗಿಯನ್ನು ಕರೆದುಕೊಂಡು ಸಿಸ್ಟರ್ ಹತ್ತಿರ ಹೋದೆ.

ಆಕೆ ಎಲ್ಲ ಕೇಳಿಸಿಕೊಂಡಳು. ‘ಎ.ಎನ್.ಎಂ. ಕೆಟ್ಟದ್ದಲ್ಲ ಬೇಟಿ. ಹಳ್ಳ್ಯಾಗ ಬಸುರಿ ಬಾಣಂತ್ಯಾರನ್ನ ನೋಡೂದು, ಕೂಸುಗೋಳಿಗೆ ಸೂಜಿ ಹಾಕೂದು, ಅದೂ ದೊಡ್ಡ ಕೆಲಸನ. ಆದ್ರ ಈ ವಾರ್ಡಿಗೆ ಸಾಲಂಗಿಲ್ಲ. ಪಿ.ಯು.ಸಿ. ಮಾಡಿ ಜನರಲ್ ನರ್ಸಿಂಗ್ ಓದಬೇಕು. ಅದಿರ್ಲಿ, ಮೊದಲ ಒಳಗ ಬಂದು ನೋಡು.’

ನಾನು ಬಾಗಿಲಲ್ಲೇ ನಿಂತೆ. ಅಂದೇ ಸುಟ್ಟುಕೊಂಡು ಬಂದ ಯಾರದೋ ಮನೆಯ ಸೊಸೆ ಮೊದಲನೇ ಮಂಚದ ಮೇಲಿದ್ದಳು. ಸಿಸ್ಟರ್ ಕೈ ತೊಳೆಯಲು ಆಚೆ ಹೋದಾಗ ಸುವರ್ಣಾ ಅವಳ ಮೇಲೆ ಬಾಗಿ, ‘ಅಕ್ಕಾ, ಯಾರು ಹಚ್ಚಿದ್ರು? ಹೆಸರು ಹೇಳು, ಅಂಜಬ್ಯಾಡ’ ಎಂದಳು. ಆ ಹೆಣ್ಣಿನ ತುಟಿ ಅಲ್ಲಾಡಿತು. ಇವಳು ಕಿವಿ ಕೊಟ್ಟಳು, ಮತ್ತೆ ಅದನ್ನೇ ಕೇಳಿದಳು, ಮತ್ತೆ ಕಿವಿ ಕೊಟ್ಟಳು. ಸಿಸ್ಟರ್ ಬಂದು ಇವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಒದ್ದೆ ಹತ್ತಿಯನ್ನು ಆ ತುಟಿಗೆ ತಾಗಿಸಿದಳು. ಕರುವಿನ ಹಾಗೆ ಚೀಪಿದಳು ಆ ಸೊಸೆ.

ಆಮೇಲೆ ಸುವರ್ಣಾಳನ್ನು ಹೊರಗೆ ತಂದು ನಿಲ್ಲಿಸಿ ಕೇಳಿದಳು. ‘ಏನಂದ್ಲು ಆಕಿ?’

‘ಹೆಸರು ಹೇಳಲಿಲ್ರಿ. ನೀರು ನೀರು ಅಂದ್ಲು.’

‘ನಿನಗ ಕೇಳಿಸ್ತು?’

‘ಹೂಂನ್ರಿ.’

‘ಕೊಟ್ಟಿ?’

‘ಇಲ್ರಿ.’

‘ಹೆಸರು ಕೇಳಾಕ ತಹಶೀಲ್ದಾರ್ರು ಬರ್ತಾರ, ಪೊಲೀಸರು ಬರ್ತಾರ. ಅದೂ ಆಗಬೇಕು. ನೀರು ಕೊಡಾಕ ಇರೂದು ನಾವಷ್ಟ. ನೀನು ನಿಮ್ಮವ್ವನ್ನ ಹುಡುಕ್ಕೊಂತ ಬಂದೀದಿ. ಆಕಿ ಇಲ್ಲಿಲ್ಲ.’ ಮತ್ತೆ ಅಂದಳು, ‘ಜನರಲ್ ಓದು. ಎಲ್ಲಾ ವಾರ್ಡು ತಿರುಗು. ಕಡೀಕ ಯಾ ವಾರ್ಡಿನ್ಯಾಗ ನಿನಗ ನಿಮ್ಮವ್ವ ಕಾಣಂಗಿಲ್ಲೋ, ಅಲ್ಲಿ ನಿಲ್ಲು. ಅಲ್ಲೀ ತನಕ ನನ್ನ ವಾರ್ಡಿನ ಹೆಸರು ತೆಗೀಬ್ಯಾಡ.’

ಸುವರ್ಣಾ ಕಮಲಾಪುರದ ತನಕ ಬಸ್ಸಿನಲ್ಲಿ ಅತ್ತಳು. ಅಳಲಿ ಎಂದು ಬಿಟ್ಟೆ. ಆಮೇಲೆ ಶರಣಬಸವೇಶ್ವರ ಗುಡಿಯ ಕಡೆಯ ಒಂದು ಕಾಲೇಜಿಗೆ ಸೇರಿ ಸೈನ್ಸ್ ಓದಿದಳು. ಕೆಮಿಸ್ಟ್ರಿಯಲ್ಲಿ ಒಮ್ಮೆ ಫೇಲಾದಳು. ನನ್ನ ಮಗ ಅದನ್ನು ಓಣಿಗೆಲ್ಲ ಹೇಳಿದ. ಮತ್ತೆ ಕಟ್ಟಿ ಪಾಸಾಗಿ ನರ್ಸಿಂಗ್ ಸೇರಿದಳು. ಅಷ್ಟರಲ್ಲಿ ಸಿಸ್ಟರ್ ರಿಟೈರಾಗಿದ್ದಳು.

ಕೊನೆಯ ಸಲ ಆಕೆಯನ್ನು ನೋಡಿದ್ದು ಮೋಮಿನಪುರದ ಮನೆಯಲ್ಲಿ, ಸುವರ್ಣಾಳ ಓದು ಮುಗಿದಾಗ. ಸಕ್ಕರೆ ರೋಗ ಎರಡೂ ಕಣ್ಣು ತೆಗೆದುಕೊಂಡಿತ್ತು. ಆಕೆಗೆ ಮದುವೆಯಿಲ್ಲ, ತಂಗಿ ಜೈನಾಬಿ ನೋಡಿಕೊಳ್ಳುತ್ತಿದ್ದಳು. ನನ್ನ, ಸುವರ್ಣಾಳ ದನಿ ಕೇಳಿ ಎದ್ದು ಕೂತಳು.

‘ಯಾ ವಾರ್ಡು ತಗೊಂಡಿ ಬೇಟಿ?’

‘ನಿಮ್ಮದರೀ.’

ಸಿಸ್ಟರ್ ಅವಳ ದನಿಯ ಕಡೆ ತಿರುಗಿದಳು. ‘ನಿಮ್ಮವ್ವ?’

‘ಮೊದಲನೇ ವರ್ಷ ಎಲ್ಲಾ ಮಂಚದ ಮ್ಯಾಲೂ ಆಕೀನ ಇದ್ಲ್ರಿ. ಹೆರಿಗಿ ವಾರ್ಡಿನ್ಯಾಗಂತೂ ಭಾಳ. ಈಗಿಲ್ರಿ. ನಿಮ್ಮ ವಾರ್ಡಿನ್ಯಾಗ ಈಗ ಪೇಶೆಂಟರಷ್ಟ ಕಾಣ್ತಾರ.’

ಸಿಸ್ಟರ್ ತಡಕಾಡಿ ಅವಳ ಕೈ ಹಿಡಿದಳು. ಒಂದೊಂದೇ ಬೆರಳಿನ ತುದಿ ಮುಟ್ಟಿ ನೋಡಿದಳು. ‘ಉಗುರು ಬೆಳಿಸೀದಿ. ಇವತ್ತ ಕತ್ತರಿಸು.’ ಆಶೀರ್ವಾದ ಎಂದರೆ ಅಷ್ಟೇ. ಆಮೇಲೆ ನನ್ನ ಕಡೆ ಮುಖ ಮಾಡಿದಳು. ‘ಅವ್ವಾ, ಆ ವಾರ್ಡಿನ ವಾಸನಿಗೆ ಈಕಿಗಿ ಕೆಲವು ತಿಂಗಳು ಅನ್ನ ಸೇರಂಗಿಲ್ಲ. ಬಲವಂತ ಮಾಡಬ್ಯಾಡ.’ ಸೇರಲಿಲ್ಲ. ಆಕೆ ಹೇಳಿದ್ದು ನಿಜವಾಯಿತು. ಬಲವಂತ ನಾನೂ ಮಾಡಲಿಲ್ಲ.

ಸಿಸ್ಟರ್ ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣಾಗಿತ್ತು. ಮಾರನೆಯ ದಿನ ಹೋಗಿ ಹೆಂಗಸರ ನಡುವೆ ಕೂತೆ. ಜೈನಾಬಿ ಕಣ್ಣೊರೆಸಿಕೊಂಡು ಅಂದಳು, ‘ಎಷ್ಟು ಹುಡುಗ್ಯಾರಿಗೆ ಕೆಲಸ ಕಲಿಸಿದ್ಲು ನಮ್ಮ ಆಪಾ. ಒಬ್ಬಾಕಿನೂ ಬರಲಿಲ್ಲ ನೋಡ್ರಿ. ನಿಮ್ಮ ಹುಡುಗೀನೂ ಬರಲಿಲ್ಲ.’

‘ಆಕಿಗಿ ಹೇಳೀನ್ರಿ. ಅತ್ಲು. ವಾರ್ಡಿನ್ಯಾಗ ಡ್ರೆಸಿಂಗ್ ಅದ, ಬಿಟ್ಟು ಬರಾಕ ಆಗಂಗಿಲ್ಲ ಆಯಿ ಅಂದ್ಲು.’

‘ಒಂದು ತಾಸು ಬಿಟ್ರ ಏನಾಗ್ತಿತ್ರಿ?’

‘ಬಿಟ್ಟು ಬಂದಿದ್ರ, ನಿಮ್ಮಕ್ಕ ಇದ್ದಿದ್ರ, ಬಾಗಿಲದಾಗ ನಿಂದ್ರಿಸಿ ಬೈತಿದ್ಲು.’

ಜೈನಾಬಿ ನನ್ನನ್ನೇ ನೋಡಿದಳು. ಆಮೇಲೆ ಸರಿದು ನನಗೆ ಗೋಡೆಗೆ ಒರಗಲು ಜಾಗ ಮಾಡಿಕೊಟ್ಟಳು.